ಕಾಯಕದ ಸ್ತ್ರೀಯರೂ ಸಮವೇತನವೂ



ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಈ ಮಠದ ಅಂಗಳದಲ್ಲಿ ಕೇಳದವರಿಲ್ಲ. ಪತಿಯಾದ ಮಾರಯ್ಯನು ನಿತ್ಯಕ್ಕಿಂತ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಆ ಮಹಾತಾಯಿಯು ಮರಳಿಸಿದಳು. ಆದರೆ ಇದನ್ನು ದುಡಿಯುವವರಿಗೆ ಮಾತ್ರ ಹೇಳಿ, ಇದ್ದುದರಲ್ಲಿ ತೃಪ್ತರಾಗಿರಿ ಎಂದು ಬೋಧಿಸುವುದು ನನಗೆ ಸಮ್ಮತವಲ್ಲ. ದುಡಿಸುವವನು ತಡೆಹಿಡಿದ ಕೂಲಿಯೂ ಹೆಚ್ಚಿಗೆ ಆಯ್ದ ಅಕ್ಕಿಯೇ ಅಲ್ಲವೇ?

ನಮ್ಮ ನಿಪ್ಪಾಣಿಯನ್ನೇ ನೋಡಿರಿ. ಅಲ್ಲಿಯ ತಂಬಾಕಿನ ವಖಾರಿಗಳಲ್ಲಿ ಸೊಪ್ಪನ್ನು ಕುಟ್ಟಿ, ಜರಡಿ ಹಿಡಿದು, ಘಾಟಿನ ಧೂಳನ್ನು ದಿನವಿಡೀ ಉಸಿರಾಡಿದವರು ಹೆಣ್ಣುಮಕ್ಕಳು. ಸಮಾನ ಕೆಲಸಕ್ಕೆ ಸಮಾನ ವೇತನವೆಂಬ ಶಾಸನವು 1976ರಲ್ಲಿಯೇ ಆಗಿದ್ದರೂ ಅದು ವಖಾರಿಯ ಹೊಸ್ತಿಲನ್ನು ತಾನಾಗಿ ದಾಟಲಿಲ್ಲ. ಕುಟ್ಟುವುದು ಹೆಂಗಸರ ಕೆಲಸ, ತೂಗುವುದು ಗಂಡಸರ ಕೆಲಸವೆಂದು ವಿಂಗಡಿಸಿಬಿಟ್ಟರೆ ಸಮಾನತೆಯನ್ನು ಅಳೆಯುವುದೆಂತು? 1980ರ ಸುಮಾರಿಗೆ ಆ ಸ್ತ್ರೀಯರು ಚಿಕ್ಕೋಡಿ ತಾಲೂಕಾ ಕಾಮಗಾರ ಮಹಾಸಂಘದಲ್ಲಿ ಒಂದುಗೂಡಿ ಕೂಲಿಯನ್ನೂ ಮರ್ಯಾದೆಯನ್ನೂ ಕೇಳಿದರು. ಯುಗಾಂತರವೆಂಬ ಸ್ತ್ರೀವಾದಿ ತಂಡವು 1982ರಲ್ಲಿ ಆ ಹೋರಾಟವನ್ನು ಚಲಚ್ಚಿತ್ರವಾಗಿಸಿತು.

ಹೆಂಗಸರಿಗೆ ಸಂಘವೇಕೆಂದು ಕೇಳುವ ಹಿರಿಯರುಂಟು. ಭತ್ತ ಕುಟ್ಟಿ ಬದುಕಿದ ಕೊಟ್ಟಣದ ಸೋಮಮ್ಮನನ್ನು ಶರಣರು ತಮ್ಮೊಳಗೊಬ್ಬಳೆಂದು ಎಣಿಸಿದ್ದನ್ನು ಅವರು ಮರೆತಂತಿದೆ. ಈ ಸಭೆಯಲ್ಲಿ ಆಳುಗಳನ್ನಿಟ್ಟು ದುಡಿಸುವ ಭಕ್ತರೂ ಇರುವಿರಿ. ಮನೆಗೆ ಹೋದೊಡನೆ ಕೂಲಿಯ ಲೆಕ್ಕದ ವಹಿಯಲ್ಲಿ ಹೆಣ್ಣಾಳುಗಳ ಪುಟವನ್ನು ತೆರೆದು, ಗಂಡಾಳುಗಳ ಪುಟದೊಡನೆ ಹೋಲಿಸಿ ನೋಡಬೇಕಾಗಿ ಬಿನ್ನಹ.