ಮಕ್ಕಳ ಕೈಗೆ ನಾವು ಕೊಡುತ್ತಿರುವುದೇನು?

(ಶತಮಾನೋತ್ಸವದ ಅಂಗವಾಗಿ ರಾಯಚೂರು, ದೇವದುರ್ಗ ಮತ್ತು ಮಾನ್ವಿಯ ಕುಟುಂಬಗಳಿಗಾಗಿ ಏರ್ಪಡಿಸಿದ ಪೋಷಕರ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಶತಮಾನೋತ್ಸವದ ಸಂಭ್ರಮದ ನಡುವೆ ಬಂದೂಕಿನ ಮಾತೇಕೆ ಎಂದು ನಿಮ್ಮಲ್ಲಿ ಕೆಲವರು ಸಭೆಗೆ ಮುಂಚೆಯೇ ಕೇಳಿದಿರಿ. ಪ್ರಶ್ನೆ ಉಚಿತವಾದುದೇ. ಆದರೆ ದೇವಾಲಯದ ನೂರು ವರ್ಷಗಳನ್ನು ನೆನೆಯುವಾಗ ಕಲ್ಲು, ಗಂಟೆ, ಬಲಿಪೀಠಗಳ ಕಥೆಯ ಜೊತೆಗೆ, ಮುಂದೆ ಈ ಬೆಂಚುಗಳಲ್ಲಿ ಕೂರುವವರು ಎಂತಹ ಮನಸ್ಸನ್ನು ಹೊತ್ತು ಬರುವರು ಎಂಬುದನ್ನೂ ವಿಚಾರಿಸುವುದು ನಮ್ಮ ಕರ್ತವ್ಯವಾಗಿದೆ.

ಬಂದೂಕಿಗೂ ನಮ್ಮ ಊರಿಗೂ ಹಳೆಯ ನಂಟು. 1520ರಲ್ಲಿ ಕೃಷ್ಣದೇವರಾಯನು ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನ ವಶದಲ್ಲಿದ್ದ ರಾಯಚೂರು ಕೋಟೆಯನ್ನು ಮುತ್ತಿದಾಗ, ಕುದುರೆ ವ್ಯಾಪಾರಕ್ಕೆಂದು ಬಂದಿದ್ದ ಫಿಗೆರೆದೊ ಎಂಬ ಪೋರ್ಚುಗೀಸನೂ ಅವನ ಸುಮಾರು 20 ಮಂದಿ ಬಂದೂಕುಧಾರಿಗಳೂ ಗೋಡೆಯ ಮೇಲೆ ತಲೆಯೆತ್ತಿದವರನ್ನು ಗುರಿಯಿಟ್ಟು ಹೊಡೆದರೆಂದು ಫೆರ್ನಾವ್ ನೂನಿಜ್ ಬರೆದಿಟ್ಟಿದ್ದಾನೆ. ಅವರು ನಮ್ಮ ಧರ್ಮದವರೇ. ಜಪಸರ ಹಿಡಿಯುವ ಕೈಗಳೇ ಬಂದೂಕನ್ನೂ ಹಿಡಿದಿದ್ದವು ಎಂಬುದನ್ನು ಇಂತಹ ದಿನದಂದು ಮರೆಮಾಚುವುದು ಸರಿಯಲ್ಲ.

ಅದು ದೂರದ ಮಾತಾಯಿತು. 1948 ಅಷ್ಟು ದೂರವಿಲ್ಲ. ಈ ಜಿಲ್ಲೆ ಅಂದು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಖಾಸಿಂ ರಜ್ವಿಯ ರಜಾಕಾರರ ಹಾವಳಿಗೆ ಹೆದರಿ ಸಂಸ್ಥಾನದ ಅನೇಕ ಊರುಗಳ ಜನ ಗಡಿ ದಾಟಿ ಭಾರತದ ಪ್ರಾಂತಗಳಲ್ಲಿ ಆಶ್ರಯ ಪಡೆದರು. ಸೆಪ್ಟೆಂಬರ್ 13ರಂದು ಭಾರತೀಯ ಸೇನೆ ಒಳಹೊಕ್ಕಿತು. 17ರಂದು ನಿಜಾಮರು ಶರಣಾದರು. ಆ ದಿನವನ್ನು ನಾವು ವರ್ಷವರ್ಷವೂ ಧ್ವಜವೇರಿಸಿ ಆಚರಿಸುತ್ತೇವೆ, ಆಚರಿಸತಕ್ಕದ್ದೇ. ಆದರೆ ಪೊಲೀಸ್ ಕಾರ್ಯಾಚರಣೆಯ ವೇಳೆಯಲ್ಲಿಯೂ ಅನಂತರದಲ್ಲಿಯೂ ಸಂಸ್ಥಾನದಲ್ಲಿ ಕನಿಷ್ಠ 27,000ದಿಂದ 40,000 ಜನ ಪ್ರಾಣ ಕಳೆದುಕೊಂಡರೆಂದು ಭಾರತ ಸರ್ಕಾರವೇ ಕಳುಹಿಸಿದ ಪಂಡಿತ ಸುಂದರಲಾಲ್ ಸಮಿತಿ ಅಂದಾಜು ಮಾಡಿತು. ಅವರಲ್ಲಿ ಬಹುಪಾಲು ಮುಸಲ್ಮಾನರು. ನಮ್ಮ ನೆರೆಯ ಗುಲ್ಬರ್ಗ ಮತ್ತು ಬೀದರ್ ಜಿಲ್ಲೆಗಳು ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಸೇರಿದ್ದವು.

ಅಂದು ಐದಾರು ವರ್ಷದವರಾಗಿದ್ದವರು ಇಂದು ಎಂಬತ್ತು ದಾಟಿದ್ದಾರೆ. ಹಿಟ್ಟಿನ ಗಿರಣಿಯ ಟಪಟಪ ಸದ್ದಿಗೂ ಬೆಚ್ಚಿ ಬೀಳುತ್ತಿದ್ದ ಹಿರಿಯರನ್ನು ನಾವು ಬಲ್ಲೆವು. ಕೇಳಿದರೆ, ಸಣ್ಣಂದಿನಲ್ಲಿ ಕಂಡದ್ದು ಎನ್ನುತ್ತಿದ್ದರು. ಅದಕ್ಕಿಂತ ಹೆಚ್ಚು ಹೇಳುತ್ತಿರಲಿಲ್ಲ. ಇಂತಹ ಕಥೆಗಳನ್ನು ಮೊಮ್ಮಕ್ಕಳಿಗೆ ಹೇಳುವಾಗ ಒಂದು ಎಚ್ಚರ ಬೇಕು. ಒಂದು ಕಡೆಯವರ ಕ್ರೌರ್ಯವನ್ನಷ್ಟೇ ಹೇಳಿ ಇನ್ನೊಂದು ಕಡೆಯದನ್ನು ನುಂಗಿಕೊಂಡರೆ, ಕೇಳುವ ಮಗು ಇತಿಹಾಸವನ್ನು ಕಲಿಯುವುದಿಲ್ಲ, ಪಕ್ಕದ ಓಣಿಯ ತನ್ನ ಗೆಳೆಯನನ್ನು ಅನುಮಾನಿಸಲು ಕಲಿಯುತ್ತದೆ. ಹೆರೋದನ ಕತ್ತಿಗೆ ಅಂಜಿ ರಾತ್ರೋರಾತ್ರಿ ಈಜಿಪ್ಟಿಗೆ ಓಡಿದ ಮಗುವಿನ ಅನುಯಾಯಿಗಳು ನಾವು. ಓಡಿದವರು ಯಾವ ಮತದವರೆಂದು ಕೇಳಿ ಕಣ್ಣೀರು ಹಾಕುವುದು ನಮಗೆ ತರವಲ್ಲ.

ಇನ್ನು ಇಂದಿನ ಮಾತು. ನಮ್ಮ ಮನೆಗಳಲ್ಲಿ ಬಂದೂಕುಗಳಿಲ್ಲ, ದೇವರಿಗೆ ಸ್ತೋತ್ರ. 21 ವರ್ಷ ತುಂಬದವರಿಗೆ ಸಾಮಾನ್ಯವಾಗಿ ಪರವಾನಗಿ ಕೊಡಲಾಗದೆಂದು ಶಸ್ತ್ರಾಸ್ತ್ರ ಕಾಯಿದೆ ಹೇಳುತ್ತದೆ. ಆದರೂ 2025ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿನ ಕೋಳಿ ಫಾರಂ ಒಂದರಲ್ಲಿ, ಕೈಗೆ ಸಿಕ್ಕ ಬಂದೂಕನ್ನು ಹುಡುಗನೊಬ್ಬ ಹಿಡಿದು ಆಡುತ್ತಿರಲಾಗಿ ಗುಂಡು ಹಾರಿ, ಶಾಲೆಗೆ ಸೇರುವ ವಯಸ್ಸೂ ಆಗದ ಮಗು ಸತ್ತಿತು. ಹೊಟ್ಟೆಪಾಡಿಗಾಗಿ ಪಶ್ಚಿಮ ಬಂಗಾಳದಿಂದ ಬಂದಿದ್ದ ಕೂಲಿಯವರ ಮಗು ಅದು. ದೇವದುರ್ಗದ ಹಳ್ಳಿಗಳಿಂದ ಗುಳೆ ಹೋಗುವ ನಮ್ಮವರೂ ಹೀಗೆಯೇ ಅನ್ಯರ ಜಾಗದಲ್ಲಿ ಮಕ್ಕಳನ್ನು ಬಿಟ್ಟು ದುಡಿಯುವವರಲ್ಲವೇ?

ಮೊಬೈಲಿನ ಗುಂಡಿನಾಟಗಳ ಬಗ್ಗೆ ತಾಯಂದಿರು ನಮ್ಮಲ್ಲಿ ದೂರುವುದುಂಟು. ಪಬ್‌ಜಿ ಆಟವನ್ನು ಸರ್ಕಾರ 2020ರಲ್ಲಿ ನಿಷೇಧಿಸಿತು. ಮರುವರ್ಷವೇ ಅದು ಬೇರೆ ಹೆಸರು ಹೊತ್ತು ಬಂದಿತು. ಇಂತಹ ಆಟಗಳು ಮಕ್ಕಳಲ್ಲಿ ಕೂಗಾಟ ನೂಕಾಟಗಳನ್ನು ಸ್ವಲ್ಪಮಟ್ಟಿಗೆ ಹೆಚ್ಚಿಸಬಹುದಾದರೂ, ಘೋರ ಹಿಂಸೆಗೆ ಅವೇ ಕಾರಣವೆನ್ನಲು ಸಾಕಷ್ಟು ಆಧಾರವಿಲ್ಲವೆಂದು ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ 2020ರಲ್ಲಿ ಹೇಳಿತು. ಮೊಬೈಲನ್ನು ದೂಷಿಸುವುದು ಸುಲಭ, ಏಕೆಂದರೆ ಅದು ತಿರುಗಿ ಮಾತನಾಡುವುದಿಲ್ಲ.

1961ರಲ್ಲಿ ಆಲ್ಬರ್ಟ್ ಬಂಡೂರ ಎಂಬ ವಿದ್ವಾಂಸರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಶಿಶುವಿಹಾರದಲ್ಲಿ 72 ಮಕ್ಕಳನ್ನು ಪರೀಕ್ಷಿಸಿದ ವರದಿಯನ್ನು ಪ್ರಕಟಿಸಿದರು. ಕೆಲವು ಮಕ್ಕಳ ಎದುರಿಗೆ ಒಬ್ಬ ದೊಡ್ಡವರು ಗಾಳಿ ತುಂಬಿದ ಬೊಂಬೆಯನ್ನು ಗುದ್ದಿ, ಸುತ್ತಿಗೆಯಿಂದ ಬಡಿದು, ಬೈದು ತೋರಿಸಿದರು. ಇನ್ನು ಕೆಲವರ ಎದುರಿಗೆ ದೊಡ್ಡವರು ಸುಮ್ಮನೆ ತಮ್ಮ ಪಾಡಿಗೆ ಆಟವಾಡಿದರು. ಆಮೇಲೆ ಆಟದ ಕೋಣೆಗೆ ಬಿಟ್ಟಾಗ, ಹೊಡೆಯುವುದನ್ನು ಕಂಡಿದ್ದ ಮಕ್ಕಳು ಹಾಗೆಯೇ ಗುದ್ದಿದರು, ಅದೇ ಬೈಗುಳವನ್ನು ಆಡಿದರು. ಯಾರೂ ಅವರಿಗೆ ಹೊಡೆಯಿರೆಂದು ಹೇಳಿಕೊಟ್ಟಿರಲಿಲ್ಲ. ನೋಡಿದ್ದೇ ಪಾಠವಾಗಿತ್ತು.

ಹಾಗಾದರೆ ನಮ್ಮ ಮಕ್ಕಳು ನೋಡುತ್ತಿರುವುದೇನು? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ ಸ್ತ್ರೀಯರಲ್ಲಿ ಶೇಕಡಾ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾರೆ. ನಮ್ಮ ಧರ್ಮಕೇಂದ್ರ ಇದಕ್ಕೆ ಹೊರತೆಂದು ನಾವು ಭಾವಿಸುವುದಿಲ್ಲ. ಧರ್ಮೋಪದೇಶದ ತರಗತಿಯಲ್ಲೊಮ್ಮೆ, ನಿಮಗೆ ಭಯ ಹುಟ್ಟಿಸುವುದನ್ನು ಚಿತ್ರ ಬರೆಯಿರೆಂದು ಮಕ್ಕಳಿಗೆ ಹೇಳಿದೆವು. ಹಾವು ಬರೆದರು, ದೆವ್ವ ಬರೆದರು. ಬಂದೂಕು ಬರೆದವನು ಒಬ್ಬನೇ. ಒಂದು ಮಗು ಹೊಸ್ತಿಲ ಬಳಿ ಬಿಟ್ಟ ಒಂದು ಜೊತೆ ಚಪ್ಪಲಿಗಳನ್ನು ಮಾತ್ರ ಬರೆದಿತ್ತು. ಯಾರವು ಎಂದು ಕೇಳಿದೆವು. "ಅಪ್ಪಂದು," ಎಂದಿತು. ಆ ಕುಟುಂಬ ಈಗ ಈ ಊರಿನಲ್ಲಿಲ್ಲ. ಯಾರಿರಬಹುದೆಂದು ನೀವು ಅಕ್ಕಪಕ್ಕ ನೋಡಬೇಕಾಗಿಲ್ಲ.

ಇಂತಹ ಭಯ ಬೆಳೆಯುತ್ತ ಕರಗಿ ಹೋಗುವುದೆಂಬುದು ನಮ್ಮವರ ನಂಬಿಕೆ. ವೈದ್ಯರು ಹಾಗೆನ್ನುವುದಿಲ್ಲ. ಅಮೆರಿಕದಲ್ಲಿ ಸಾವಿರಾರು ವಯಸ್ಕರನ್ನು ವಿಚಾರಿಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಬಾಲ್ಯದಲ್ಲಿ ಏಟು ತಿಂದದ್ದು, ತಾಯಿಗೆ ಏಟು ಬಿದ್ದದ್ದನ್ನು ಕಂಡದ್ದು, ಮನೆಯಲ್ಲಿ ಕುಡಿತ ಮುಂತಾದ ಕಷ್ಟಗಳಲ್ಲಿ ನಾಲ್ಕು ಬಗೆಯವನ್ನಾದರೂ ಅನುಭವಿಸಿದವರಿಗೆ, ಮುಂದೆ ಕುಡಿತದ ಚಟ, ಖಿನ್ನತೆ, ಆತ್ಮಹತ್ಯೆಯ ಪ್ರಯತ್ನಗಳ ಅಪಾಯ ನಾಲ್ಕರಿಂದ ಹನ್ನೆರಡು ಪಟ್ಟು ಹೆಚ್ಚೆಂದು ಕಂಡುಬಂದಿತು. ಹಾಗೆಂದು ಏಟು ತಿಂದ ಪ್ರತಿಯೊಂದು ಮಗುವೂ ಕೆಡುವುದೆಂದಲ್ಲ. ಒಬ್ಬ ಅಜ್ಜಿ, ಒಬ್ಬ ಟೀಚರು, ನಂಬಿಕೆಯ ಒಂದು ಮಡಿಲು ಸಿಕ್ಕಿ ಉಳಿದುಕೊಂಡವರು ಈ ಸಭೆಯಲ್ಲಿಯೇ ಇದ್ದಾರೆ.

ಪವಿತ್ರ ಗ್ರಂಥದಲ್ಲಿಯೇ ಬೆತ್ತದ ಮಾತಿದೆಯಲ್ಲಾ ಎಂದು ಕೆಲವರು ನಮಗೇ ಪಾಠ ಹೇಳುವುದುಂಟು. ಜ್ಞಾನೋಕ್ತಿಗಳಲ್ಲಿ ಇದೆ, ನಿಜ. ಆದರೆ ಅದು ಕುರಿ ಕಾಯುವ ಜನರ ನಡುವೆ ಹುಟ್ಟಿದ ಮಾತು. ಕುರಿ ಮಂದೆಯನ್ನು ಕಂಡವರಾದ ನೀವೇ ಹೇಳಿ, ಬುದ್ಧಿವಂತ ಕುರುಬನು ಕೋಲನ್ನು ಹೆಚ್ಚಾಗಿ ಯಾವುದಕ್ಕೆ ಬಳಸುತ್ತಾನೆ? ಮಂದೆಯ ದಾರಿ ತಿರುಗಿಸಲಿಕ್ಕೆ, ತೋಳವನ್ನು ಅಟ್ಟಲಿಕ್ಕೆ. ಮರಿಯ ಬೆನ್ನು ಮುರಿಯಲಿಕ್ಕಲ್ಲ. ಕ್ರೈಸ್ತ ಶಾಲೆಗಳಲ್ಲಿಯೂ ಒಂದು ಕಾಲಕ್ಕೆ ಬೆತ್ತವೇ ವಿದ್ಯೆಯ ಗುರುತಾಗಿತ್ತೆಂಬುದು ಸುಳ್ಳಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನು ನಿಷೇಧಿಸಿತು. ಕಾನೂನು ಬರುವ ಮೊದಲೇ ನಾವು ಅದನ್ನು ಬಿಡಬಹುದಾಗಿತ್ತು.

ಜಾತ್ರೆಯಲ್ಲಿ ಕೊಂಡ ಪಿಸ್ತೂಲನ್ನು ಮಗುವಿನಿಂದ ಕಸಿದು ಎಸೆಯಿರೆಂದು ನಾವು ಹೇಳುತ್ತಿಲ್ಲ. ಕಸಿಯುವ ರೀತಿಯೂ ಒಂದು ಪಾಠವಾದೀತು. ಸಂಜೆ ಮನೆಗೆ ಬಂದ ತಂದೆ ಮೊದಲ ಅರ್ಧ ಗಂಟೆ ಸ್ವರವೇರಿಸದೆ ಮಕ್ಕಳ ಬಳಿ ಕುಳಿತರೆ ಅದೇ ಮೊದಲ ಹೆಜ್ಜೆ. ಕುಡಿದಿದ್ದರೆ ಆ ದಿನ ಮಕ್ಕಳನ್ನು ಶಿಕ್ಷಿಸುವ ಗೋಜಿಗೇ ಹೋಗಬಾರದು. ಹೆಂಡತಿಯೊಡನೆ ಮನಸ್ತಾಪ ಬಂದು, ಮಕ್ಕಳ ಎದುರಿಗೆ ಬೈದಿದ್ದರೆ, ಮಕ್ಕಳ ಎದುರಿಗೇ ಕ್ಷಮೆಯನ್ನೂ ಕೇಳಬೇಕು. ಪಾಪನಿವೇದನೆಯಲ್ಲಿ ನಮ್ಮ ಕಿವಿಗೆ ಹೇಳಿದರಷ್ಟೇ ಮಗುವಿಗೆ ಅದು ತಿಳಿಯುವುದಿಲ್ಲ. ಪಕ್ಕದ ಮನೆಯ ಮಗು ಅಪಾಯದಲ್ಲಿದೆಯೆಂದು ಕಂಡರೆ 1098 ಎಂಬ ಸಂಖ್ಯೆಗೆ ಫೋನು ಮಾಡುವುದು ಚಾಡಿಯಲ್ಲ. ಏಟು ತಿನ್ನುತ್ತಿರುವ ಸಹೋದರಿಯರಿಗೆ 181 ಇದೆ, ಧರ್ಮಭಗಿನಿಯರ ಬಾಗಿಲಿದೆ, ನಮ್ಮ ಬಾಗಿಲೂ ಇದೆ. ಸೈರಿಸಿಕೊಂಡು ಹೋಗೆಂದು ಅವರಿಗೆ ಯಾರೂ ಉಪದೇಶಿಸಕೂಡದು.

ಬರುವ ತಪಸ್ಸು ಕಾಲದ ಶುಕ್ರವಾರಗಳಲ್ಲಿ ಶಿಲುಬೆ ಹಾದಿಯ ಪ್ರಾರ್ಥನೆ ಮುಗಿದ ಮೇಲೆ ರಾಯಚೂರಿನಲ್ಲಿಯೂ, ಸರದಿಯಂತೆ ದೇವದುರ್ಗ ಮಾನ್ವಿಗಳಲ್ಲಿಯೂ ತಂದೆಯರಿಗಾಗಿ ಒಂದು ಗಂಟೆ ಕೂಡುವೆವು. ಸಭೆಯೆಂದರೆ ತಾಯಂದಿರನ್ನು ಕಳುಹಿಸಿ ತಾವು ಕಟ್ಟೆಯ ಮೇಲೆ ಉಳಿಯುವ ರೂಢಿ ನಮ್ಮ ಗಂಡಸರಲ್ಲಿದೆ. ಈ ಸಾರಿ ತಾಯಂದಿರು ಮನೆಯಲ್ಲಿ ವಿಶ್ರಾಂತಿ ಪಡೆಯಲಿ. ಬರುವವರು ತಮ್ಮ ಹೆಸರನ್ನು ಇಂದೇ ಉಪದೇಶಿಯವರ ಬಳಿ ಬರೆಸಬೇಕಾಗಿ ಕೋರುತ್ತೇವೆ.