ಶಸ್ತ್ರಚಿಕಿತ್ಸೆಯ ನಂತರ ಕಾಣುವ ಸರ್ಪಸುತ್ತು



ಸ್ತನದ ಕ್ಯಾನ್ಸರಿಗೆ ಪತ್ನಿಯ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ದಂಪತಿಗಳು ಊರಿಗೆ ಮರಳಿರುತ್ತೀರಿ. ಕೆಲವು ವಾರಗಳ ಮೇಲೆ ಆಕೆಯ ಎದೆಯ ಅಥವಾ ಬೆನ್ನಿನ ಒಂದೇ ಮಗ್ಗುಲಲ್ಲಿ ಉರಿಯೂ ಚುಚ್ಚಿದಂತಹ ನೋವೂ ತೊಡಗುತ್ತವೆ. ಎರಡು ಮೂರು ದಿನಗಳಲ್ಲಿ ಅಲ್ಲಿಯೇ ನೀರುಗುಳ್ಳೆಗಳು ಪಟ್ಟಿಯಂತೆ ಏಳುತ್ತವೆ. ಕ್ಯಾನ್ಸರ್ ಮರಳಿತೆಂದು ನೀವಿಬ್ಬರೂ ಎದೆಗುಂದುವುದು ಸಹಜ. ಆದರೆ ಇಂತಹ ಗುಳ್ಳೆಗಳು ಸಾಮಾನ್ಯವಾಗಿ ನಮ್ಮ ಹಳ್ಳಿಗಳಲ್ಲಿ ಎಲ್ಲರೂ ಬಲ್ಲ ಸರ್ಪಸುತ್ತು.

ಹಾವಿಗೂ ಇದಕ್ಕೂ ಸಂಬಂಧವಿಲ್ಲ. ಬಾಲ್ಯದಲ್ಲಿ ಸೀತಾಳೆ ಸಿಡುಬು, ಅಂದರೆ ನಾವು 'ಅಮ್ಮ' ಎನ್ನುವ ಬೇನೆ, ಬಂದು ವಾಸಿಯಾದರೂ ಅದರ ವಿಷಾಣುಗಳು ದೇಹವನ್ನು ಬಿಡುವುದಿಲ್ಲ. ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ಹತ್ತಾರು ವರ್ಷ ನಿದ್ರಿಸುತ್ತವೆ. 1965ರಲ್ಲಿ ಇದನ್ನು ವಿಶದವಾಗಿ ವಿವರಿಸಿದವರು ಇಂಗ್ಲೆಂಡಿನ ಸೈರೆನ್ಸೆಸ್ಟರ್ ಎಂಬ ಸಣ್ಣ ಪೇಟೆಯ ವೈದ್ಯ ಎಡ್ಗರ್ ಹೋಪ್-ಸಿಂಪ್ಸನ್. ಶಸ್ತ್ರಚಿಕಿತ್ಸೆಯ ಬಳಲಿಕೆ, ಅದಕ್ಕಿಂತ ಹೆಚ್ಚಾಗಿ ಬಳಿಕ ಕೊಡುವ ಕಿಮೋಥೆರಪಿ, ವಿಕಿರಣ ಚಿಕಿತ್ಸೆಗಳಿಂದ ರೋಗನಿರೋಧಕ ಶಕ್ತಿ ಕುಂದಿದಾಗ ಅವು ಎಚ್ಚೆತ್ತು, ಒಂದು ನರದ ಜಾಡು ಹಿಡಿದು ಚರ್ಮಕ್ಕೆ ಬರುತ್ತವೆ. ಪಟ್ಟಿಯು ಒಂದೇ ಮಗ್ಗುಲಿಗೆ ನಿಲ್ಲುವುದು ಆದಕಾರಣವೇ. ಹೆಡೆ ಬಾಲ ಕೂಡಿದರೆ ಸಾವು ಎಂಬ ಮಾತು ನಿರಾಧಾರವಾದುದು.

ಕೆಮ್ಮಣ್ಣು ಬಳಿದರೆ ತಂಪೆನಿಸೀತು. ಆದರೆ ಮಣ್ಣು ವಿಷಾಣುವನ್ನು ಮುಟ್ಟದು. ಒಡೆದ ಗುಳ್ಳೆ ಕೀವುಗಟ್ಟಬಹುದು. ಅದಕ್ಕಿಂತ ದೊಡ್ಡ ನಷ್ಟ ಕಾಲದ್ದು. ಗುಳ್ಳೆ ಕಂಡ 72 ಗಂಟೆಗಳೊಳಗೆ ಅಸೈಕ್ಲೋವಿರ್‌ನಂತಹ ಔಷಧವನ್ನು ಆರಂಭಿಸಿದರೆ ಫಲ ಹೆಚ್ಚು. ಕಿಮೋಥೆರಪಿ ಪಡೆಯುತ್ತಿರುವವರಲ್ಲಿ ಗುಳ್ಳೆಗಳು ಮೈಯೆಲ್ಲ ಹರಡುವ, ಶ್ವಾಸಕೋಶವನ್ನೂ ತಾಕುವ ಅಪಾಯವುಂಟು. ಮೂರು ದಿನ ಕಳೆದಿದ್ದರೂ ಅವರನ್ನು ಆಸ್ಪತ್ರೆಗೆ ಕರೆದೊಯ್ಯಲೇಬೇಕು. ಹಣೆಯಲ್ಲಾಗಲಿ ಮೂಗಿನ ತುದಿಯಲ್ಲಾಗಲಿ ಗುಳ್ಳೆ ಎದ್ದರೆ ಕಣ್ಣಿಗೇ ಕುತ್ತು, ಅಂದೇ ಹೊರಡಿ.

ಪತಿಗೊಂದು ಮಾತು. ಇದು ನಡತೆಗೆಟ್ಟು ಬಂದ ರೋಗವಲ್ಲ. ಪತ್ನಿಯ ಬಳಿ ಕುಳಿತು ಆರೈಕೆ ಮಾಡಲು ಅಂಜಬೇಡಿ. ಗುಳ್ಳೆಗಳನ್ನು ಶುಭ್ರವಾದ ಬಟ್ಟೆಯಿಂದ ಮುಚ್ಚಿ, ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ಗುಳ್ಳೆಯ ನೀರು ತಗುಲಿದರೆ, 'ಅಮ್ಮ' ಎಂದೂ ಬಾರದವರಿಗೆ ಸೀತಾಳೆ ಸಿಡುಬು ಬರಬಹುದು. ಮನೆಯಲ್ಲಿ ಬಸುರಿ ಸೊಸೆಯೋ ಎಳೆಗೂಸೋ ಇದ್ದರೆ, ಗುಳ್ಳೆಗಳು ಒಣಗಿ ಹಕ್ಕಳೆಗಟ್ಟುವವರೆಗೆ ದೂರವಿರಿಸುವುದು ಲೇಸು.

ಹಕ್ಕಳೆ ಉದುರಿದ ಮೇಲೂ ಕೆಲವರಿಗೆ ತಿಂಗಳುಗಟ್ಟಲೆ ನೋವು ಉಳಿಯುತ್ತದೆ. ರವಿಕೆ ತಾಕಿದರೂ ಉರಿಯುತ್ತದೆಂದು ಆಕೆ ಹೇಳಿದರೆ ಅದು ಕೆಲಸ ತಪ್ಪಿಸಿಕೊಳ್ಳುವ ನೆಪವಲ್ಲ. ಆ ನೋವಿಗೂ ಬೇರೆ ಔಷಧವಿದೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗುವಾಗ ಕ್ಯಾನ್ಸರ್ ಆಸ್ಪತ್ರೆಯ ಚೀಟಿಗಳನ್ನು ಮರೆಯದೆ ಒಯ್ದು ವೈದ್ಯಾಧಿಕಾರಿಗಳಿಗೆ ತೋರಿಸಿರಿ.