ಒಕ್ಕೂಟವನ್ನು ಅರಿಯಲು ನಾಲ್ಕು ಪದಗಳು



‘ಕೇಂದ್ರ ಸರಕಾರ’ ಎಂಬ ಮಾತು ದಿನವೂ ಕಿವಿಗೆ ಬೀಳುತ್ತದೆ. ಆದರೆ ಸಂವಿಧಾನದ ಮೊದಲ ವಿಧಿಯಲ್ಲಿ ಇರುವ ಪದ ‘ಯೂನಿಯನ್’, ಅಂದರೆ ಒಕ್ಕೂಟ. ಭಾರತವು ರಾಜ್ಯಗಳ ಒಕ್ಕೂಟ ಎಂದು ಅದು ಹೇಳುತ್ತದೆ. ಈ ಪದವನ್ನೇ ಆರಿಸಿದ್ದೇಕೆಂದು ಡಾ. ಅಂಬೇಡ್ಕರ್ 1948ರಲ್ಲಿ ಸಂವಿಧಾನ ಸಭೆಗೆ ವಿವರಿಸಿದ್ದರು. ಇದು ರಾಜ್ಯಗಳು ಪರಸ್ಪರ ಒಪ್ಪಂದ ಮಾಡಿಕೊಂಡು ಕಟ್ಟಿದ ಕೂಟವಲ್ಲ; ಆದ್ದರಿಂದ ಬಿಟ್ಟು ಹೋಗುವ ಹಕ್ಕು ಯಾವ ರಾಜ್ಯಕ್ಕೂ ಇಲ್ಲ ಎಂಬುದು ಅವರ ವಿವರಣೆ.

ಹಾಗಾದರೆ ರಾಜ್ಯಗಳು ದಿಲ್ಲಿಯ ಅಧೀನ ಕಚೇರಿಗಳೇ? ಅಲ್ಲ. ಇದಕ್ಕೆ ಉತ್ತರ ಎರಡನೆಯ ಪದದಲ್ಲಿದೆ: ‘ಪಟ್ಟಿ’. ಏಳನೇ ಅನುಸೂಚಿಯಲ್ಲಿ ಮೂರು ಪಟ್ಟಿಗಳಿವೆ. ರಕ್ಷಣೆ, ರೈಲ್ವೆ ಮೊದಲಾದವು ಕೇಂದ್ರದ ಪಟ್ಟಿಯಲ್ಲಿವೆ. ಪೊಲೀಸು, ಕೃಷಿಯಂಥವು ರಾಜ್ಯದ ಪಟ್ಟಿಯಲ್ಲಿವೆ. ಇಬ್ಬರೂ ಕಾನೂನು ಮಾಡಬಹುದಾದ ವಿಷಯಗಳು ಸಮವರ್ತಿ ಪಟ್ಟಿಯಲ್ಲಿವೆ. ಇಲ್ಲಿ ಘರ್ಷಣೆಯಾದರೆ ಸಾಮಾನ್ಯವಾಗಿ ಸಂಸತ್ತಿನ ಕಾನೂನೇ ಮೇಲು. ಪಟ್ಟಿಯಿಂದ ಪಟ್ಟಿಗೆ ವಿಷಯ ಜಾರುವುದೂ ಉಂಟು: ರಾಜ್ಯಗಳ ಬಳಿಯಿದ್ದ ಶಿಕ್ಷಣ ಮತ್ತು ಅರಣ್ಯ 1976ರ 42ನೇ ತಿದ್ದುಪಡಿಯಿಂದ ಸಮವರ್ತಿ ಪಟ್ಟಿಗೆ ಸೇರಿದವು.

ಮೂರನೆಯದು ‘356ನೇ ವಿಧಿ’. ರಾಜ್ಯದ ಆಡಳಿತ ಸಂವಿಧಾನದಂತೆ ನಡೆಯಲಾರದ ಸ್ಥಿತಿ ಬಂದರೆ ಅಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರಲು ಇದು ಅವಕಾಶ ಕೊಡುತ್ತದೆ. ಈ ವಿಧಿ ಬಳಕೆಗೇ ಬಾರದಿರಲಿ ಎಂಬುದು ಅಂಬೇಡ್ಕರರ ಆಶಯವಾಗಿತ್ತು. ಆದದ್ದು ಬೇರೆ. 1959ರಲ್ಲಿ ಕೇರಳದಲ್ಲಿ ಬಹುಮತವಿದ್ದ ನಂಬೂದಿರಿಪಾಡರ ಸರಕಾರವೇ ವಜಾ ಆಯಿತು.

1989ರ ಏಪ್ರಿಲ್‌ನಲ್ಲಿ ಕರ್ನಾಟಕದ ಸರದಿ ಬಂತು. ಎಸ್.ಆರ್. ಬೊಮ್ಮಾಯಿ ಆಗ ಮುಖ್ಯಮಂತ್ರಿ. 19 ಶಾಸಕರು ಬೆಂಬಲ ಹಿಂತೆಗೆದುಕೊಂಡಿರುವರೆಂಬ ಪತ್ರಗಳನ್ನು ಆಧರಿಸಿ ರಾಜ್ಯಪಾಲರು ದಿಲ್ಲಿಗೆ ವರದಿ ಕಳುಹಿಸಿದರು. ಆ ಶಾಸಕರಲ್ಲಿ ಕೆಲವರು ಬಳಿಕ ಸರಕಾರದ ಪರ ನಿಂತರು. ಸದನದಲ್ಲೇ ಬಹುಮತ ಸಾಬೀತುಪಡಿಸುವೆ ಎಂದು ಬೊಮ್ಮಾಯಿ ಕೇಳಿಕೊಂಡರೂ ಅವಕಾಶ ಸಿಗಲಿಲ್ಲ. ಏಪ್ರಿಲ್ 21ರಂದು ಸರಕಾರ ವಜಾ ಆಯಿತು, ವಿಧಾನಸಭೆಯೂ ವಿಸರ್ಜನೆಗೊಂಡಿತು.

ಬೊಮ್ಮಾಯಿ ನ್ಯಾಯಾಲಯದ ಮೊರೆ ಹೋದರು. ಹೈಕೋರ್ಟಿನಲ್ಲಿ ಸೋತರು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ನೀಡಿದ ತೀರ್ಪು ಅವರ ಪರವಾಗಿತ್ತು. ನಾಲ್ಕನೆಯ ಪದಕ್ಕೆ ಬೆಲೆ ಬಂದದ್ದು ಅಲ್ಲಿ: ‘ಸದನ’. ಬಹುಮತ ಯಾರಿಗಿದೆ ಎಂಬುದು ತೀರ್ಮಾನವಾಗಬೇಕಾದದ್ದು ರಾಜಭವನದಲ್ಲಲ್ಲ, ಸದನದಲ್ಲಿ ಎಂದಿತು ಪೀಠ. 356ರ ಘೋಷಣೆಯನ್ನು ನ್ಯಾಯಾಲಯ ಪರಿಶೀಲಿಸಬಹುದು; ಸಂಸತ್ತು ಒಪ್ಪುವ ಮೊದಲು ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ; ಒಕ್ಕೂಟ ತತ್ವ ಸಂವಿಧಾನದ ಮೂಲರಚನೆಯ ಭಾಗ ಎಂದೂ ಅದು ಸಾರಿತು.

ಬೊಮ್ಮಾಯಿಯವರಿಗೆ ಕುರ್ಚಿ ಮರಳಲಿಲ್ಲ. ಅಷ್ಟರಲ್ಲಿ ಚುನಾವಣೆ ನಡೆದು ಐದು ವರ್ಷಗಳೇ ಸಮೀಪಿಸಿದ್ದವು. ಆದರೆ ಅವರು ಗೆದ್ದ ತತ್ವ ಇತರರಿಗೆ ಒದಗಿತು. 2016ರಲ್ಲಿ ಅರುಣಾಚಲ ಪ್ರದೇಶದ ಪದಚ್ಯುತ ಸರಕಾರವನ್ನು ಸುಪ್ರೀಂ ಕೋರ್ಟ್ ಮತ್ತೆ ಅಧಿಕಾರದಲ್ಲಿ ಕೂರಿಸಿತು.

ಮತದಾರ ಹಾಕಿದ ಓಟಿಗೆ ಐದು ವರ್ಷ ಬೆಲೆ ಇರಬೇಕಾದರೆ ಈ ನಾಲ್ಕು ಪದಗಳು ಅವನಿಗೂ ತಿಳಿದಿರಬೇಕು.